ಅವರ ಎಡಗೈ, ನನ್ನ ಬಲಗೈ

ಕಳೆದ ತಿಂಗಳು ಪಕ್ಕದ ಮನೆಯ ಗೌರಮ್ಮನವರನ್ನು ಭುಜದ ನೋವಿಗೆಂದು ನ್ಯಾಮತಿಗೆ ಕರೆದುಕೊಂಡು ಹೋಗಿದ್ದೆ. ಫಿಸಿಯೊಥೆರಪಿ ಕೇಂದ್ರದ ಬಾಗಿಲು ತೆರೆದ ಕೂಡಲೇ ಕಾಯಿಸಿದ ಮೇಣದ ವಾಸನೆ ಮುಖಕ್ಕೆ ಬಂತು. ಕೈ ಮಡಚಲಾಗದವರಿಗೆ ಅಲ್ಲಿ ಬಿಸಿ ಮೇಣದಲ್ಲಿ ಕೈ ಅದ್ದಿಸುತ್ತಾರೆ. ಆ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಬ್ಯಾಗಿನೊಳಗೆ ಹೋಗಿ ಫೋನ್ ಹುಡುಕಿತು. ದರ ಎಲ್ಲಿಗೆ ಬಂದಿದೆ ಎಂದು ನೋಡಬೇಕು ಅನ್ನಿಸಿತು. ನೋಡಲು ಈಗ ಯಾವ ದರವೂ ಇಲ್ಲ ಎಂದು ನೆನಪಾಗಲು ಒಂದು ಗಳಿಗೆ ಬೇಕಾಯಿತು.

ಅದು ಕೆಲವು ವರ್ಷಗಳ ಹಿಂದಿನ ಮಳೆಗಾಲ. ನನ್ನ ಗಂಡ ಬಸವರಾಜ್ ಅವರಿಗೆ ಹೊನ್ನಾಳಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಾನು ಚನ್ನಗಿರಿ ಕಡೆಯ ನಲ್ಲೂರಿನವಳು. ಹೊನ್ನಾಳಿಯ ಸೋದರತ್ತೆಯ ಮನೆಯಲ್ಲಿದ್ದು ಟೈಪಿಂಗ್ ಕಲಿತೆ, ಕಲಿಸಿದವರನ್ನೇ ಮದುವೆಯಾದೆ. ನಮಗೆ ಮಕ್ಕಳಿಲ್ಲ. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅದೇ ಮಳಿಗೆ ಆನ್‌ಲೈನ್ ಸೇವಾ ಕೇಂದ್ರವಾಯಿತು. ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡಿನ ತಿದ್ದುಪಡಿ, ಬೆಳೆ ವಿಮೆ ಎಂದು ದಿನವಿಡೀ ಜನ. ಇವರು ಕಂಪ್ಯೂಟರಿನಲ್ಲಿ ಅದಷ್ಟೇ ಅಲ್ಲದೆ ಇನ್ನೇನೋ ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಕ್ರಿಪ್ಟೋ ಎಂಬ ಪದವೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ನಾನು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ಮೊದಲ ಮಳೆ ಹಿಡಿದ ವಾರ, ಒಬ್ಬರಿಗೆ ಪಹಣಿ ತೆಗೆದುಕೊಡುತ್ತಿದ್ದಾಗ ಇವರಿಗೆ ಲಕ್ವ ಹೊಡೆಯಿತು. ನಾನು ಊಟದ ಡಬ್ಬಿ ತಂದು ನೋಡಿದರೆ, ಪ್ರಿಂಟರಿನಿಂದ ಒಂದೊಂದೇ ಹಾಳೆ ಬಂದು ನೆಲಕ್ಕೆ ಬೀಳುತ್ತಿತ್ತು. ಇವರು ಎತ್ತಿಕೊಳ್ಳದೆ ಅದನ್ನೇ ನೋಡುತ್ತ ಕೂತಿದ್ದರು. ಬಾಯಿ ಒಂದು ಕಡೆ ಜಾರಿತ್ತು. ಶಿವಮೊಗ್ಗದ ಆಸ್ಪತ್ರೆಯಿಂದ ಹತ್ತು ದಿನದ ನಂತರ ಮನೆಗೆ ಕರೆತಂದೆ. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು. ಉಳಿದದ್ದು ಒಂದೇ ಪದ, 'ಬೇಡ'. ಕಾಫಿ ಕೊಡಲಾ ಅಂದರೆ ಬೇಡ ಅನ್ನುತ್ತಿದ್ದರು, ಅನ್ನುತ್ತಲೇ ಲೋಟಕ್ಕೆ ಎಡಗೈ ಚಾಚುತ್ತಿದ್ದರು. ದಿಂಬು ಸರಿ ಮಾಡಲಾ ಅಂದರೂ ಬೇಡ, ನಾನು ಯಾರು ಹೇಳಿ ಅಂದರೂ ಬೇಡ. ಹೇಳಿದ ಮೇಲೆ ಅದಲ್ಲ ಎಂದು ಅವರಿಗೇ ಗೊತ್ತಾಗಿ ಕಣ್ಣು ತುಂಬುತ್ತಿತ್ತು.

ಮೂರನೆಯ ವಾರ ಮಳೆಯಲ್ಲೇ ಕೊಡೆ ಹಿಡಿದು ಓಂಕಾರಪ್ಪ ಮೇಷ್ಟ್ರು ಬಾಗಿಲಿಗೆ ಬಂದರು. ಹಿಂದೆ ಹೊನ್ನಾಳಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ನಿವೃತ್ತರಾಗಿ ತಮ್ಮೂರು ಜಗಳೂರಿನಲ್ಲಿದ್ದರು. ಇವರ ಹಳೆಯ ಗೆಳೆಯ. ಬಾಗಿಲಲ್ಲೇ ಸಿಟ್ಟಿನಿಂದ ಶುರು ಮಾಡಿದರು.

"ಎಷ್ಟ್ ಸಲ ಫೋನ್ ಮಾಡೀನಿ ಗೊತ್ತೇನಮ್ಮ? ಇಪ್ಪತ್ತು ದಿನದಿಂದ ಎತ್ತಲ್ಲ ಅಂದ್ರೆ ನಾನು ಏನಂತ ತಿಳ್ಕೊಬೇಕು? ಎಲ್ಲಿ ಬಸು?"

ನಾನು ಬದಿಗೆ ಸರಿದೆ. ಒಳಗೆ ಮಂಚದ ಮೇಲಿದ್ದ ಇವರು ಅವರನ್ನು ಕಂಡು ಎಡಗೈ ಎತ್ತಿ, "ಬೇಡ, ಬೇಡ" ಎಂದು ಕರೆದರು. ಮೇಷ್ಟ್ರು ಕೊಡೆಯನ್ನು ಅಲ್ಲೇ ಬಿಟ್ಟು ಹೋಗಿ ಆ ಕೈ ಹಿಡಿದುಕೊಂಡರು. "ನಾನು ಏನೇನೋ ಅಂದ್ಕೊಂಡ್‌ಬಿಟ್ಟಿದ್ದೆ ಕಣೋ," ಎಂದರು.

ಕಾಫಿ ಕುಡಿದ ಮೇಲೆ ವಿಷಯ ಹೊರಬಂತು. ನಾವು ಪಕ್ಕದ ಮಳಿಗೆ ಕೊಳ್ಳಲೆಂದು ಕೂಡಿಟ್ಟಿದ್ದ ಹಣ, ಮೇಷ್ಟ್ರ ನಿವೃತ್ತಿಯ ಹಣದ ಒಂದು ಪಾಲು, ಎರಡೂ ಸೇರಿ ಒಂದೇ ಕಡೆ ಇದ್ದವು. ಬ್ಯಾಂಕಿನಲ್ಲಿ ಅಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಮೇಷ್ಟ್ರು ಆಸ್ಪತ್ರೆಯ ಚೀಟಿಯ ಹಿಂದೆ ಎರಡು ಚೌಕ ಬರೆದರು.

"ಎರಡು ಡಬ್ಬಿ ಅಂತ ತಿಳ್ಕೊ. ಒಂದರಾಗೆ ಡಾಲರ್ ಬೆಲೆಯ ನಾಣ್ಯ, ಇನ್ನೊಂದರಾಗೆ ಈಥರ್ ಅನ್ನೋ ನಾಣ್ಯ. ಜನ ಬಂದು ಇದನ್ನ ಹಾಕಿ ಅದನ್ನ ತಗೊಂಡ್ ಹೋಗ್ತಾರೆ. ಹೋಗುವಾಗ ಚೂರು ಕಮಿಷನ್ ಬಿಡ್ತಾರೆ. ಡಬ್ಬಿ ತುಂಬಿಸಿ ಇಟ್ಟೋರಿಗೆ ಆ ಕಮಿಷನ್. ಹಂಗೆ ಇಟ್ಟ ಸಾವಿರಾರು ಜನದಾಗೆ ನಾವಿಬ್ಬರೂ ಅದೀವಿ."

"ಅಂಗಡಿ ಯಾರದು?"

"ಯಾರದೂ ಅಲ್ಲಮ್ಮ. ಒಂದು ಕರಾರು ಬರೆದು ಕಂಪ್ಯೂಟರಿಗೆ ಬಿಟ್ಟಾರೆ. ಬರೆದಂಗೆ ಅದೇ ನಡ್ಕೊಂಡ್ ಹೋಗ್ತೈತೆ. ಮನುಷ್ಯರು ಯಾರೂ ಕೂತಿಲ್ಲ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳಾದು ಮತ್ತೆ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ನಾನು ಬಸೂನ ಕೇಳ್ತಿದ್ದೆ," ಎಂದರು.

ಮುಚ್ಚಳವನ್ನು ಮತ್ತೆ ತೆಗೆದು ಚೌಕಗಳ ಪಕ್ಕ ಮೇಲೊಂದು ಕೆಳಗೊಂದು ಗೆರೆ ಎಳೆದರು. ಈಥರಿನ ದರ ಈ ಎರಡು ಗೆರೆಗಳ ನಡುವೆ ಇರುವವರೆಗೆ ಮಾತ್ರ ಕಮಿಷನ್. ಕೆಳಗಿನ ಗೆರೆ ದಾಟಿ ಇಳಿದರೆ ನಮ್ಮ ಡಾಲರೆಲ್ಲ ಖಾಲಿಯಾಗಿ, ಬೆಲೆ ಕಳೆದುಕೊಳ್ಳುತ್ತಿರುವ ಈಥರ್ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಕಮಿಷನ್ನೂ ನಿಲ್ಲುತ್ತದೆ. ಆಗ ಹಣ ಹೊರತೆಗೆದು ಹೊಸ ಗೆರೆ ಹಾಕಿ ಇಡಬೇಕು, ಇಲ್ಲವೇ ದರ ಮತ್ತೆ ಏರುವವರೆಗೆ ಕಾಯಬೇಕು. ಯಾವಾಗ ಯಾವುದು ಎಂದು ನೋಡಿಕೊಳ್ಳುವುದೇ ಕೆಲಸ. ಆ ಕೆಲಸ ಇವರದಾಗಿತ್ತು.

ಮಳಿಗೆಯಿಂದ ಲ್ಯಾಪ್‌ಟಾಪ್ ತಂದು ತೆರೆದರೆ ಪಾಸ್‌ವರ್ಡ್ ಕೇಳಿತು. ನನಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೂ ಇಲ್ಲ. ಬರೆದಿಟ್ಟದ್ದು ಎಲ್ಲೂ ಸಿಗಲಿಲ್ಲ. ಇವರನ್ನು ಕೇಳಿದರೆ ಬೇಡ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಇದು ತೆಗೀಲಿಲ್ಲ ಅಂದ್ರೆ ದೇವರು ಬಂದ್ರೂ ತೆಗೆಯಾಕೆ ಆಗಲ್ಲಮ್ಮ," ಎಂದರು.

ಬೇರೇನೂ ತೋಚದೆ ಇವರ ತೊಡೆಯ ಮೇಲೆ ಮಣೆಯಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಎಡಗೈ ಎತ್ತಿ ಕೀಲಿಗಳ ಮೇಲೆ ಇರಿಸಿದೆ. ಆಮೇಲೆ ಬೆರಳುಗಳು ನಡೆದವು. ಎ, ಎಸ್, ಡಿ, ಎಫ್, ಜಿ, ಎಫ್. ಅಲ್ಲಿಗೆ ನಿಂತವು. ಬಲಭುಜ ಒಮ್ಮೆ ಅದುರಿತು, ಆದರೆ ಕೈ ಏಳಲಿಲ್ಲ. ಮತ್ತೆ ಮೊದಲಿನಿಂದ ಹೊಡೆದರು, ಮತ್ತೆ ಅಲ್ಲೇ ನಿಂತರು, ಬಲಭುಜ ಮತ್ತೆ ಅದುರಿತು.

ನನಗೆ ಗೊತ್ತಾಯಿತು. ಟೈಪಿಂಗ್ ಕಲಿಯಲು ಹೋದ ಯಾರಿಗಾದರೂ ಗೊತ್ತಾಗುತ್ತದೆ. ಅದು ಮೊದಲ ದಿನದ ಮೊದಲ ಪಾಠ. ಎಡಗೈಯ ಆರು ಅಕ್ಷರ ಆದ ಮೇಲೆ ಬಲಗೈಯ ಆರು. ನಾನು ಇವರ ಬಲಗಡೆ ಅಂಟಿಕೊಂಡು ಕೂತು ನನ್ನ ಬಲಗೈಯನ್ನು ಅವರ ಎಡಗೈ ಪಕ್ಕ ಇಟ್ಟೆ. ಅವರು ಹೊಡೆದರು. ನಾನು ಮುಂದುವರಿಸಿದೆ, ಸೆಮಿಕೋಲನ್, ಎಲ್, ಕೆ, ಜೆ, ಎಚ್, ಜೆ. ತಪ್ಪು ಎಂದು ತೋರಿಸಿತು. ಪಾಠದಲ್ಲಿದ್ದಂತೆ ನಡುವೆ ಜಾಗ ಬಿಟ್ಟಿದ್ದೆ. ಎರಡನೆಯ ಸಲ ಬಿಡದೆ ಹೊಡೆದಾಗ ತೆರೆದುಕೊಂಡಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದರ ಎರಡು ಗೆರೆಗಳ ನಡುವೆ ಇತ್ತು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬೀಗ ಹಾಕಿದ್ದಾಗ ಇದ್ದ ಭಯ ಒಂದು ಬಗೆಯದು, ತೆರೆದ ಮೇಲಿನದು ಇನ್ನೊಂದು. ಮೇಷ್ಟ್ರು ಜಗಳೂರಿಗೆ ಹೋದರು, ದಿನಾ ಬೆಳಿಗ್ಗೆ ಫೋನ್ ಮಾಡಿ "ಹೆಂಗೈತಮ್ಮ?" ಎಂದು ಕೇಳುತ್ತಿದ್ದರು. ಬಸುವನ್ನು ಕೇಳಿದರೋ ದರವನ್ನು ಕೇಳಿದರೋ ತಿಳಿಯದೆ ಎರಡನ್ನೂ ಹೇಳುತ್ತಿದ್ದೆ. ಬೆಳಿಗ್ಗೆ ಮಳಿಗೆ, ಮಧ್ಯಾಹ್ನ ಮನೆ, ವಾರಕ್ಕೆ ಮೂರು ದಿನ ಇವರನ್ನು ಕರೆದುಕೊಂಡು ನ್ಯಾಮತಿ. ಮಳಿಗೆಯಲ್ಲಿ ಬೆಳೆ ವಿಮೆಯ ಅರ್ಜಿ ತುಂಬುವಾಗಲೂ ಪರದೆಯ ಮೂಲೆಯಲ್ಲಿ ಆ ಗೆರೆ ಓಡುತ್ತಿರುತ್ತಿತ್ತು. ಒಬ್ಬ ರೈತರ ಆಧಾರ್ ಸಂಖ್ಯೆಯನ್ನು ಎರಡು ಸಲ ತಪ್ಪು ಹೊಡೆದೆ. "ಯಾಕ್ರೀ ಅಕ್ಕಾರೆ, ಮೈಯಾಗೆ ಹುಷಾರಿಲ್ಲೇನು?" ಎಂದು ಕೇಳಿದರು. ಹೊಳೆ ತುಂಬಿ ಬಂದಿದೆ ಎಂದು ಊರೆಲ್ಲ ಸೇತುವೆಗೆ ಹೋಯಿತು. ನಾನು ಹೋಗಲಿಲ್ಲ.

ಒಂದು ಮಧ್ಯಾಹ್ನ ಇವರ ಮಿಂಚಂಚೆಗೆ ಒಂದು ಎಚ್ಚರಿಕೆ ಬಂತು. ಹಳೆಯ ಕರಾರು ಮುಚ್ಚುತ್ತಿದೆ, ಇವತ್ತೇ ಹಣವನ್ನು ಹೊಸದಕ್ಕೆ ವರ್ಗಾಯಿಸಿ, ಇಲ್ಲದಿದ್ದರೆ ಸಿಗುವುದಿಲ್ಲ ಎಂದಿತ್ತು. ಒತ್ತಿದರೆ ತೆರೆದುಕೊಂಡ ಪುಟ ದಿನಾ ನೋಡುವ ಪುಟದಂತೆಯೇ ಇತ್ತು, ಅದೇ ಬಣ್ಣ, ಅದೇ ಗೆರೆ. ಕೆಳಗೆ ಅನುಮತಿ ಕೊಡಿ ಎಂಬ ಗುಂಡಿ. ಇವರ ಪಕ್ಕದಲ್ಲೇ ಕೂತಿದ್ದೆ. ಬೆರಳು ಗುಂಡಿಯ ಮೇಲೆ ಹೋಗುವಷ್ಟರಲ್ಲಿ ಇವರ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಬೇಡ. ಬೇಡ, ಬೇಡ."

"ಬಿಡ್ರಿ, ಇವತ್ತೇ ಕೊನೆ ದಿನ ಅಂತೆ!"

ಬಿಡಲಿಲ್ಲ. ಉಗುರು ಚರ್ಮಕ್ಕೆ ಇಳಿಯಿತು. ಇನ್ನೊಂದು ಕೈಯಲ್ಲಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ತಿಳಿದವರೊಬ್ಬರನ್ನು ವಿಚಾರಿಸಿ ಸಂಜೆಗೆ ಮರಳಿ ಕರೆದರು. ಅದು ಕಳ್ಳರ ಪುಟ, ಆ ಅನುಮತಿ ಕೊಟ್ಟಿದ್ದರೆ ಅಷ್ಟೂ ಹಣ ಅವರ ಪಾಲಾಗುತ್ತಿತ್ತು. ಇವರ ತಲೆಯೊಳಗೆ ಎಲ್ಲವೂ ಇದ್ದ ಹಾಗೇ ಇದೆ ಎಂದು ಅವತ್ತು ತಿಳಿಯಿತು. ಹೊರಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ಇನ್ನು ಇವರನ್ನು ಕೇಳದೆ ಏನನ್ನೂ ಮಾಡುವುದಿಲ್ಲ ಎಂದುಕೊಂಡೆ.

ಶ್ರಾವಣದಲ್ಲಿ ದರ ಇಳಿಯತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ದಿನಕ್ಕೆರಡು ಸಲ ನೋಡಿದರೂ ಎದೆ ಧಸಕ್ ಅನ್ನುವ ಹಾಗೆ. ಕೆಳಗಿನ ಗೆರೆ ಹತ್ತಿರವಾಯಿತು. ಡಬ್ಬಿಯಲ್ಲಿ ಡಾಲರ್ ಕರಗುತ್ತ ಈಥರ್ ತುಂಬುವುದು ಕಣ್ಣಿಗೇ ಕಾಣುತ್ತಿತ್ತು. ನಲ್ಲೂರಿನ ಅಣ್ಣ ಫೋನಿನಲ್ಲಿ, "ಮೊದ್ಲು ತೆಗೆದು ಬ್ಯಾಂಕಿಗೆ ಹಾಕು," ಎಂದ. ಮೇಷ್ಟ್ರು, "ಬಸು ಹೆಂಗೆ ಅಂತಾನೋ ಹಂಗೆ," ಎಂದರು.

ಬಸು ಹೆಂಗೆ ಅನ್ನುತ್ತಾರೆ?

"ತೆಗೀಲಾ?" ಎಂದೆ. "ಬೇಡ." "ಹಂಗೇ ಬಿಡಲಾ?" "ಬೇಡ."

ಮಾತು ಬಿಟ್ಟು ವಸ್ತು ತೋರಿಸಿದೆ. ಒಂದು ಕಡೆ ಆ ಗೆರೆಯ ಪುಟದ ಪ್ರಿಂಟು, ಅಂದರೆ ಹಣ ಅಲ್ಲೇ ಇರಲಿ. ಇನ್ನೊಂದು ಕಡೆ ಬ್ಯಾಂಕಿನ ಪಾಸ್‌ಬುಕ್, ಅಂದರೆ ತೆಗೆದುಬಿಡು. ಇವರು ಪಾಸ್‌ಬುಕ್ ಮುಟ್ಟಿದರು. ಖಾತ್ರಿಗೆಂದು ಎರಡನ್ನೂ ಅದಲುಬದಲು ಮಾಡಿ ಕೇಳಿದೆ. ಪ್ರಿಂಟನ್ನು ಮುಟ್ಟಿದರು. ಮತ್ತೆ ಬದಲಿಸಿದೆ. ಪಾಸ್‌ಬುಕ್. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಏನಾದ್ರೂ ಒಂದು ಹೇಳ್ರಿ!" ಎಂದು ಕೂಗಿದೆ. ಕೂಗಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ನ್ಯಾಮತಿಯಲ್ಲಿ ಫಿಸಿಯೊಥೆರಪಿಸ್ಟ್ ರೇಷ್ಮಾ ಇವರ ಕೈಯಿಂದ ಮೇಣ ಸುಲಿಯುತ್ತಿದ್ದಾಗ ಇದನ್ನು ಹೇಳಿದೆ. ಹಣದ ವಿಷಯ ಬಿಟ್ಟು, ಎರಡು ವಸ್ತುವಿನ ವಿಷಯ ಮಾತ್ರ. ಆಕೆ ಕೇಳಿದಳು, "ತಟ್ಟೆಯಾಗೆ ಅನ್ನ ಪೂರ್ತಿ ಉಣ್ತಾರೇನ್ರಿ?"

"ಒಂದು ಕಡೆ ಬಿಡ್ತಾರೆ. ಹಸಿವಿಲ್ಲ ಅಂದ್ಕೊಂಡಿದ್ದೆ."

"ಬಲಗಡೆ ಬಿಡ್ತಾರಲ್ಲ?"

ಆಕೆ ಇವರಿಗೆ ನೇರ ಮುಂದೆ ನೋಡಲು ಹೇಳಿ, ಹಿಂದಿನಿಂದ ಬೆರಳಾಡಿಸಿದಳು. ಎಡಗಡೆ ಬಂದ ಬೆರಳಿಗೆ ಕಣ್ಣು ತಿರುಗಿತು. ಬಲಗಡೆಯದಕ್ಕೆ ತಿರುಗಲಿಲ್ಲ. "ಬಲಗಡೆ ಇಟ್ಟಿದ್ದು ಅವ್ರಿಗೆ ಕಾಣ್ತಾನೇ ಇಲ್ಲ ರೀ. ಕಂಡಿದ್ದು ಒಂದೇ, ಅದನ್ನೇ ಮುಟ್ಯಾರೆ. ಎರಡನ್ನೂ ಎಡಕ್ಕೇ ಇಡ್ರಿ, ಮೇಲೊಂದು ಕೆಳಗೊಂದು. ಆಮೇಲೆ ಕೇಳ್ರಿ. ಮುಂದಿನ ಸಲ ಡಾಕ್ಟ್ರಿಗೂ ಇದನ್ನ ಹೇಳ್ರಿ."

ಮನೆ ಸೇರುವವರೆಗೆ ತಾಳ್ಮೆ ಇರಲಿಲ್ಲ. ನ್ಯಾಮತಿ ಬಸ್ ನಿಲ್ದಾಣದ ಬೆಂಚಿನ ಮೇಲೆ, ಇವರ ಎಡಗಡೆ, ಮೇಲೆ ಪಾಸ್‌ಬುಕ್, ಕೆಳಗೆ ಪ್ರಿಂಟು ಇಟ್ಟೆ. ಪ್ರಿಂಟು ಮುಟ್ಟಿದರು. ಮೇಲಿನದನ್ನು ಕೆಳಗಿಟ್ಟೆ. ಪ್ರಿಂಟೇ. ಮೂರನೆಯ ಸಲವೂ ಪ್ರಿಂಟೇ, ಈ ಸಲ ಬೆರಳಿನಿಂದ ಕುಟ್ಟಿ ತೋರಿಸಿದರು. ಇರಲಿ. ಹಣ ಅಲ್ಲೇ ಇರಲಿ. ಎರಡು ತಿಂಗಳ ಮೇಲೆ ಇವರ ಮನಸ್ಸಿನ ಒಂದು ಮಾತು ಪೂರ್ತಿಯಾಗಿ ನನ್ನನ್ನು ಮುಟ್ಟಿತ್ತು. ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಇಬ್ಬರೂ ನಕ್ಕೆವು.

ಬಸ್ಸಿನಲ್ಲಿ ಅರ್ಧ ದಾರಿಗೆ ನನ್ನ ನಗು ನಿಂತಿತು. ಇವರಿಗೆ ಏನು ಬೇಕು ಎಂದು ತಿಳಿದಿತ್ತು. ನನಗೆ ಅದು ಬೇಡವಾಗಿತ್ತು. ಇವರು ಹಿಂದೆ ಇಂಥ ಇಳಿತ ನೋಡಿರಬಹುದು, ಏರುವವರೆಗೆ ಕಾದಿರಬಹುದು. ಆದರೆ ಈಗ ಕಾಯಬೇಕಾದವಳು ನಾನು. ಇನ್ನೊಂದು ಕಳ್ಳ ಪುಟ ಬಂದಾಗ ಇವರು ಪಕ್ಕದಲ್ಲಿ ಇರದಿದ್ದರೆ? ಮೇಷ್ಟ್ರ ಹಣವೂ ಅದರಲ್ಲಿತ್ತು. ನ್ಯಾಮತಿಗೆ, ಔಷಧಿಗೆ, ಮನೆಗೆ ಮಳಿಗೆಯ ದುಡಿಮೆ ಸಾಲುತ್ತಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಫೋನ್ ನೋಡುವುದು, ಇನ್ನೊಂದು ತುತ್ತು, ಮತ್ತೆ ಫೋನ್. ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಮೇಷ್ಟ್ರಿಗೆ ಹೇಳಿದೆ. ಅವರು ದನಿ ತಗ್ಗಿಸಿದರು. "ಖರೇ ಹೇಳ್ತೀನಿ, ನನಗೂ ಭಯ ಆಗೈತೆ. ಅವನು ಮಧ್ಯಾಹ್ನ ಮಲಗ್ತಾನಲ್ಲ, ಆಗ ತೆಗೆದುಬಿಡಮ್ಮ. ಪಾಸ್‌ವರ್ಡ್ ನಿನಗೆ ಗೊತ್ತೈತೆ. ಅವನಿಗೆ ಯಾಕೆ ನೋವು ಕೊಡಾದು? ಕೇಳಿದ್ರೆ ಅಲ್ಲೇ ಐತೆ ಅನ್ನು."

"ಕೇಳಾಕೆ ಅವ್ರಿಗೆ ಬಾಯಿ ಎಲ್ಲೈತೆ ಮೇಷ್ಟ್ರೇ?" ಎಂದೆ. ಹೇಳಿದ ಮೇಲೆ ಅದೇ ಕಾರಣಕ್ಕೆ ಹಾಗೆ ಮಾಡಲಾರೆ ಅನ್ನಿಸಿತು.

ಮರುದಿನ ಮಧ್ಯಾಹ್ನ ಮಳಿಗೆ ಮುಚ್ಚಿ ಬಂದೆ. ಇವರು ಎದ್ದು ಕೂರುವವರೆಗೆ ಕಾದೆ. ಕಾಣಲಿ ಎಂದು ಲ್ಯಾಪ್‌ಟಾಪನ್ನು ಎಡಗಡೆ ಇಟ್ಟು, ನಾನೂ ಎಡಗಡೆಯೇ ಕೂತೆ.

"ರೀ, ಇರಲಿ ಅಂದ್ರಿ. ನನಗೆ ಅರ್ಥ ಆಗೈತೆ. ಆದ್ರೂ ನಾನು ತೆಗೀತೀನಿ. ನಿಮಗೆ ಸಿಟ್ಟು ಬಂದ್ರೆ ಬರಲಿ. ಕಾಯೋಳು ನಾನು, ನನ್ನ ಕೈಲಿ ಆಗ್ತಿಲ್ಲ."

"ಬೇಡ," ಎಂದರು.

ಕಳ್ಳರ ಪುಟದ ದಿನ ಬಿಟ್ಟರೆ, ಅಷ್ಟು ದಿನದಲ್ಲಿ ಆ ಪದಕ್ಕೆ ಅದರದೇ ಅರ್ಥ ಇದ್ದದ್ದು ಅದೊಂದೇ ಸಲ. ಕಣ್ಣು ನನ್ನ ಮುಖದ ಮೇಲೇ ಇತ್ತು. ಎಡಗೈ ಬಂದು ನನ್ನ ಎಡಗೈಯ ಮಣಿಕಟ್ಟು ಹಿಡಿಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಬಲಗೈಯಿಂದ ಹಿಂತೆಗೆ ಎಂಬುದನ್ನು ಒತ್ತಿದೆ, ಖಚಿತವೇ ಎಂದು ಕೇಳಿದ್ದಕ್ಕೆ ಹೌದು ಎಂದು ಒತ್ತಿದೆ.

ಆಗಲಿಲ್ಲ. ಬಾಕಿ ಇದೆ ಎಂದು ಒಂದು ಚಕ್ರ ತಿರುಗತೊಡಗಿತು. ಹಣ ತೆಗೆಯಲು ಕಟ್ಟುವ ಶುಲ್ಕ ಕಡಿಮೆ ಹಾಕಿದ್ದೆನೋ ಏನೋ. ಮಳೆ ಜೋರಾಯಿತು, ಕರೆಂಟು ಹೋಯಿತು, ವೈಫೈ ಹೋಯಿತು. ಫೋನಿನಿಂದ ಇಂಟರ್‌ನೆಟ್ ಕೊಟ್ಟೆ. ಚಕ್ರ ತಿರುಗುತ್ತಲೇ ಇತ್ತು. ಕೇಳೋಣವೆಂದರೆ ಆ ಕಡೆ ಯಾರೂ ಇಲ್ಲ. ಹಣ ಡಬ್ಬಿಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ ಅನ್ನಿಸಿತು. ಇವರೂ ಚಕ್ರವನ್ನೇ ನೋಡುತ್ತಿದ್ದರು, ಹಿಡಿತ ಬಿಗಿಯಾಗುತ್ತಿತ್ತು. ಅದು ಸಿಟ್ಟೋ, ಅವರಿಗೂ ಭಯವೋ, ನನಗೆ ತಿಳಿಯಲಿಲ್ಲ. ಎಷ್ಟು ಹೊತ್ತಾಯಿತೋ. ಹಸಿರು ಗುರುತು ಬಂತು. ಇವರು ನನ್ನ ಕೈ ಬಿಟ್ಟು, ಮುಖವನ್ನು ಗೋಡೆ ಕಡೆ ತಿರುಗಿಸಿದರು.

ಅದನ್ನು ಮಾರಿ ರೂಪಾಯಿ ಮಾಡಿ ಬ್ಯಾಂಕಿಗೆ ತರಲು ಒಂದು ವಾರ ಹಿಡಿಯಿತು. ನಾಣ್ಯ ಕೊಂಡು ರೂಪಾಯಿ ಕೊಡುವ ಕಂಪನಿಗೆ ಕಳಿಸುವ ವಿಳಾಸದ ಒಂದೊಂದು ಅಕ್ಷರವನ್ನೂ ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿ, ಮೊದಲು ಚೂರು ಕಳಿಸಿ, ಅದು ತಲುಪಿದ ಮೇಲೆ ಉಳಿದದ್ದು ಕಳಿಸಿದೆ. ಹಾಕಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಬಂತು. ಮೇಷ್ಟ್ರ ಪಾಲು ಮೇಷ್ಟ್ರಿಗೆ ಹೋಯಿತು. ಇವರು ಎಂಟು ದಿನ 'ಬೇಡ' ಎಂದೂ ಅನ್ನಲಿಲ್ಲ. ಊಟ ಕೊಟ್ಟರೆ ಉಂಡರು, ನನ್ನತ್ತ ನೋಡಲಿಲ್ಲ.

ತೆಗೆದ ಮೇಲೆ ದರ ಕೆಳಗಿನ ಗೆರೆಯನ್ನೂ ದಾಟಿ ಇಳಿಯಿತು. ನಾನು ಮಾಡಿದ್ದೇ ಸರಿ ಎಂದು ಎರಡು ವಾರ ಒಳಗೊಳಗೇ ಬೀಗಿದೆ. ಆಮೇಲೆ ಏರಿತು. ದೀಪಾವಳಿಯ ಹೊತ್ತಿಗೆ ಮೇಲಿನ ಗೆರೆಯನ್ನೇ ದಾಟಿ ಹೋಗಿತ್ತು. ಇವರು ಹೇಳಿದಂತೆ ಕೇಳಿದ್ದರೆ ಪೂರ್ತಿ ಹಣ ಉಳಿದು, ಕಮಿಷನ್ನೂ ಸೇರುತ್ತಿತ್ತು. ಮುಚ್ಚಿಡಬಹುದಿತ್ತು. ಹತ್ತಿರ ಕೂತು ಹೇಳಿದೆ, "ನೀವು ಅಂದಿದ್ದೇ ಸರಿಯಾತು ರೀ. ಏರೈತೆ." ಅವರು ಕಣ್ಣು ಮುಚ್ಚಿಕೊಂಡರು.

ಆ ಹಣ ನ್ಯಾಮತಿಗೆ ಹೋಯಿತು, ಶಿವಮೊಗ್ಗದಲ್ಲಿ ಮಾತು ಕಲಿಸುವವರಿಗೆ ಹೋಯಿತು. ಪಕ್ಕದ ಮಳಿಗೆಯನ್ನು ಬೇರೆಯವರು ಕೊಂಡರು. ಮುಂದಿನ ವರ್ಷ ಇವರು ಕೋಲು ಹಿಡಿದು ನಡೆದರು. ಪದಗಳು ಒಂದೊಂದಾಗಿ ಬಂದವು. ನೀರು, ಸಾಕು, ಬಾ, ಕೊನೆಗೆ ನನ್ನ ಹೆಸರು. ಲ್ಯಾಪ್‌ಟಾಪಿನ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಆದರೆ ಅದು ನನ್ನೊಳಗೆ ಮುಳ್ಳಿನಂತೆ ಇತ್ತು. ಕಳೆದ ಯುಗಾದಿಯ ಮಧ್ಯಾಹ್ನ, ಹೋಳಿಗೆ ಉಂಡು ಕೂತಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ನಾನು ಮಾಡಿದ್ದು ತಪ್ಪೇನ್ರಿ?"

ಇವರು ನನ್ನತ್ತ ತಿರುಗಿದರು. "ತಪ್ಪು," ಎಂದರು. ಸ್ಪಷ್ಟವಾಗಿಯೇ ಹೇಳಿದರು.

ನಾನು ತಲೆಯಾಡಿಸಿ ತಟ್ಟೆಗಳನ್ನು ಎತ್ತಿಕೊಂಡು ಎದ್ದೆ. ಅಡುಗೆಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಹಿಂದಿನಿಂದ ಕರೆದರು.

"ಶಾರದಾ."

ತಿರುಗಿದೆ. ಮುಂದಿನ ಪದಕ್ಕಾಗಿ ತುಟಿ ಹುಡುಕುತ್ತಿತ್ತು. ಎಡಗೈ ಮುಷ್ಟಿಯಾಗಿತ್ತು, ಹಣೆಯ ಮೇಲೆ ಬೆವರು ಬಂದಿತ್ತು. ನಾನು ಸಹಾಯ ಮಾಡಲು ಹೋಗಲಿಲ್ಲ, ತಟ್ಟೆ ಹಿಡಿದು ನಿಂತೇ ಇದ್ದೆ.

"ಹೇಳಿ..." ಎಂದರು. ಉಸಿರು ತೆಗೆದುಕೊಂಡರು. "ನನಗೆ ಹೇಳಿ ಮಾಡ್ದೆ."